ಮೈನಸ್ ನಲವತ್ತು ಡಿಗ್ರಿಯ ಇಂಜಿನ್

ಆ ಆಯುಧ ಪೂಜೆಯ ಬೆಳಿಗ್ಗೆ ನಿಜವಾಗಿ ಏನು ನಡೆಯಿತೋ ನನಗೆ ಖಚಿತವಿಲ್ಲ. ಖಚಿತವಾಗಿ ನೆನಪಿದೆ ಎಂದು ಮೂರು ದಿನ ವಾದಿಸಿದ್ದು ಮಾತ್ರ ನೆನಪಿದೆ.

ನಮ್ಮದು ಹದಿಮೂರು ವರ್ಷದ ಪೆಟ್ರೋಲ್ ಕಾರು. ದೆಹಲಿಯಲ್ಲಿ ಅಂಥ ಕಾರಿನ ಆಯುಸ್ಸು ಹದಿನೈದೆಂದು ಸರ್ಕಾರವೇ ಜಾತಕ ಬರೆದಿಟ್ಟಿದೆ. ಹಾಗಾಗಿ ವಸಂತ್ ಕುಂಜ್‌ನ ನಮ್ಮ ಮೆಕ್ಯಾನಿಕ್ ಅದನ್ನು ನೋಡುವಾಗ ಆಸ್ಪತ್ರೆಗೆ ಬಂದ ದೂರದ ನೆಂಟನ ಮುಖ ಮಾಡುತ್ತಾನೆ. ಕಾಗದದಲ್ಲಿ ಕಾರು ನನ್ನದು, ಓಡಿಸುವುದು ನನ್ನ ಹೆಂಡತಿ ಸುಮನಾ. ನಲವತ್ತು ದಾಟಿದ ಮೇಲೆ ಅದರಲ್ಲೇ ಡ್ರೈವಿಂಗ್ ಕಲಿತು, ಅದರಲ್ಲೇ ಕಚೇರಿಗೆ ಹೋಗುತ್ತಾಳೆ. ಹಬ್ಬದ ದಿನ ಬಾನೆಟ್ ಎತ್ತಿಸಿ ಇಂಜಿನ್ನಿಗೂ ಅರಿಶಿನ ಕುಂಕುಮ ಇಡುವುದು ಅವಳ ಪದ್ಧತಿ. "ಮುಖಕ್ಕೆ ಮಾತ್ರ ಪೂಜೆ, ಹೊಟ್ಟೆಗಿಲ್ಲ ಅಂದ್ರೆ ಹೇಗ್ರೀ?" ಎನ್ನುತ್ತಾಳೆ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ದೇವರನ್ನು ನಂಬುವುದಿಲ್ಲ, ಕೋಸಂಬರಿಯನ್ನು ನಂಬುತ್ತೇನೆ.

ಪೂಜೆ ಮುಗಿಯಿತು, ಚಕ್ರದಡಿಯ ನಿಂಬೆಹಣ್ಣು ಚಪ್ಪಟೆಯಾಯಿತು. ಗೇಟು ದಾಟುವಷ್ಟರಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿ, ರೇಡಿಯೇಟರ್ ಫ್ಯಾನು ನಿಲ್ಲದೆ ಊಳಿಡತೊಡಗಿತು. ಕರೋಲ್ ಬಾಗ್‌ನಿಂದ ಕೊಂಡು ತಂದ, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ನನ್ನ ಬಳಿ ಇದೆ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಸೆನ್ಸರುಗಳ ಒಳಗುಟ್ಟೆಲ್ಲ ಮೊಬೈಲಿಗೆ ಬರುತ್ತದೆ. ಬಂತು: ಇಂಜಿನ್ ತಣಿಸುವ ಕೂಲಂಟ್ ದ್ರವದ ತಾಪಮಾನ ಮೈನಸ್ ನಲವತ್ತು.

"ಅಪ್ಪಾ, ಯೇ ಇಂಜಿನ್ ಹೈ ಯಾ ಫ್ರಿಜ್?" ಎಂದಳು ಮಗಳು. ಕನ್ನಡವನ್ನು ಅವಳು ಕೇಳುವುದಕ್ಕಷ್ಟೇ ಇಟ್ಟುಕೊಂಡಿದ್ದಾಳೆ.

ಮಾರಿಬಿಡಿ ಎಂದು ಮೆಕ್ಯಾನಿಕ್ ಫೋನಿನಲ್ಲೇ ತೀರ್ಪಿತ್ತ: "ಬೇಚ್ ದೋ, ಸರ್‌ಜೀ." ನಾನು ಅದಕ್ಕಿಂತ ವಿದ್ವತ್ಪೂರ್ಣವಾದ ತೀರ್ಪು ಕೊಟ್ಟೆ. ಪೂಜೆಗೆ ಮೊದಲು ಸರಿಯಿತ್ತು, ಪೂಜೆಯ ನಂತರ ಕೆಟ್ಟಿದೆ, ಆದ್ದರಿಂದ ಒದ್ದೆ ಕುಂಕುಮ ಸೆನ್ಸರಿಗೆ ಇಳಿದಿದೆ. ಮೊದಲು ನಡೆದದ್ದೇ ಆಮೇಲಿನದಕ್ಕೆ ಕಾರಣ ಎನ್ನುವುದು ತರ್ಕದೋಷವೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವನೂ ನಾನೇ.

"ನೀವು ಬೆಳಿಗ್ಗೆ ಬಾನೆಟ್ ಒಳಗೆ ಏನೋ ಉಜ್ತಾ ಇದ್ರಲ್ಲ?" ಎಂದಳು ಸುಮನಾ.

"ಬಟ್ಟೇಲಿ ಮೇಲ್ಮೇಲೆ ಒರೆಸಿದ್ದು, ಅಷ್ಟೇ. ನೀಲಿ ಬಟ್ಟೆ."

ಅವಳು ನಂಬಿದಳು. ತೊಂದರೆಯಾದದ್ದೇ ಅದರಿಂದ. ಮೂರು ದಿನ ಮೆಟ್ರೋದಲ್ಲಿ ಕಚೇರಿಗೆ ಹೋಗಿಬಂದಳು. ಮೂರನೆಯ ಸಂಜೆ ಚಪ್ಪಲಿ ಬಿಡುತ್ತ, "ಕೈಯಾರೆ ನಾನೇ ಹಾಳ್ಮಾಡಿದ್ನಲ್ಲ. ಮಾರಿಬಿಡಿ," ಎಂದಳು. ಗೆದ್ದ ವಾದ ಇಷ್ಟು ಕಸಿವಿಸಿ ಮಾಡಿದ್ದು ನನಗೆ ನೆನಪಿಲ್ಲ. ನನ್ನ ನೆನಪಿನ ಮಾತು ಬಿಡಿ.

ಆಗ ಆ ಅಂಕಿಯ ಬಗ್ಗೆ ಓದಲು ಕೂತೆ. ಮೈನಸ್ ನಲವತ್ತೆಂದರೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಜಗಳ ಬಿಟ್ಟು ಒಪ್ಪಿಕೊಳ್ಳುವ ಏಕೈಕ ಜಾಗ. ಎಷ್ಟೋ ದಾಂಪತ್ಯಗಳಿಗೆ ಅಂಥದ್ದೊಂದೂ ಇರುವುದಿಲ್ಲ. ಆದರೆ ಕಾರಿನಲ್ಲಿ ಅದರ ಅರ್ಥ ಚಳಿಯಲ್ಲ. ಸೆನ್ಸರಿನ ತಂತಿ ಕಳಚಿದರೆ ಕಾರಿನ ಕಂಪ್ಯೂಟರಿಗೆ ಏನೂ ಕೇಳಿಸುವುದಿಲ್ಲ. 'ಗೊತ್ತಿಲ್ಲ' ಎನ್ನಲು ಅದಕ್ಕೆ ಬರುವುದಿಲ್ಲ, ತನ್ನ ಪಟ್ಟಿಯ ತುದಿಯ ಅಂಕಿಯನ್ನು ಘನಗಂಭೀರವಾಗಿ ಹೇಳಿಬಿಡುತ್ತದೆ. ಇದನ್ನು ಓದುವಾಗ ಏಕೋ ನೀಲಿ ಬಟ್ಟೆ ನೆನಪಾಯಿತು.

ಕೆಳಗಿಳಿದು ಬಾನೆಟ್ ಎತ್ತಿದೆ. ಸೆನ್ಸರಿನ ಪ್ಲಗ್ಗು ಜೋತಾಡುತ್ತಿತ್ತು. ಒತ್ತಿದೆ, ಟಕ್ ಎಂದಿತು. ಮೊಬೈಲಿನಲ್ಲಿ ಅಂಕಿ ಮೂವತ್ತೊಂದಕ್ಕೆ ಹಾರಿತು, ಅಂದಿನ ದೆಹಲಿಯ ಹವೆಯಷ್ಟೇ.

"ಪ್ಲಗ್ಗು ಕಿತ್ತಿದ್ದು ಯಾರು?" ಎಂದಳು ಸುಮನಾ.

"ಗೊತ್ತಿಲ್ಲ," ಎಂದೆ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಈ ಪದ ನನ್ನ ಬಾಯಿಂದ ಬಂದದ್ದು ಇದೇ ಮೊದಲಂತೆ.

"ಅಚ್ಛಾ," ಎಂದವಳು ಕೀ ತೆಗೆದುಕೊಂಡು ಒಂದು ಸುತ್ತು ಹೊರಟೇಬಿಟ್ಟಳು.

ಆಮೇಲೆ ಒಂದು ಸಂಗತಿಯನ್ನು ಪರೀಕ್ಷಿಸಿ ದೃಢಪಡಿಸಿಕೊಂಡು, ಅವಳಿಗೂ ಕಳಿಸಿದ್ದೇನೆ. ಮಗಳು ತೆಗೆದ ಪೂಜೆಯ ಮೊದಲ ಫೋಟೋದಲ್ಲಿ ಸುಮನಾ ಕುಂಕುಮದ ಬಟ್ಟಲು ಹಿಡಿದು ಇನ್ನೂ ಮೆಟ್ಟಿಲಿಳಿಯುತ್ತಿದ್ದಾಳೆ. ತೆರೆದ ಬಾನೆಟ್ಟಿನೊಳಗೆ ಪ್ಲಗ್ಗು ಆಗಲೇ ಜೋತಾಡುತ್ತಿದೆ. ಬ್ಯಾಟರಿಯ ಮೇಲೆ ನನ್ನ ಹಳೆಯ ಹಸಿರು ಟೂತ್‌ಬ್ರಷ್ ಮಲಗಿದೆ. ನೀಲಿ ಬಟ್ಟೆ ಎಲ್ಲೂ ಇಲ್ಲ.