ಅಣ್ಣನ ಇಂಗ್ಲಿಷ್ ಹಾಡುಗಳಿಗೆ ನನ್ನ ಕೊಳಲು

ನನಗೆ ಕೊಳಲು ಕಲಿಸಿದ ಮೇಷ್ಟ್ರ ಮನೆ ಬನಶಂಕರಿಯಲ್ಲಿತ್ತು. ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದ ಅವರಿಗೆ ಊದುವಾಗ ಉಸಿರಿನ ಸದ್ದು ಕೇಳಿಸಿದರೆ ಸಿಟ್ಟು ಬರುತ್ತಿತ್ತು. "ಸ್ವರ ಕೇಳ್ಬೇಕಮ್ಮ, ಗಾಳಿ ಕೇಳ್ಬಾರ್ದು" ಎನ್ನುತ್ತಿದ್ದರು. ಎಂಟನೇ ವಯಸ್ಸಿನಿಂದ ವಾರಕ್ಕೆ ಎರಡು ದಿನ ಜಯನಗರದ ನಮ್ಮ ಬಾಡಿಗೆ ಮನೆಯಿಂದ ಅವರಲ್ಲಿಗೆ ನಡೆದುಹೋಗಿ ನಾನು ಕಲಿತದ್ದು ಮುಖ್ಯವಾಗಿ ಅದನ್ನೇ, ಗಾಳಿಯನ್ನು ಬಚ್ಚಿಡುವುದನ್ನು.

ಅಣ್ಣ ಅದನ್ನು ಎರಡೇ ವಾರದಲ್ಲಿ ಕೆಡಿಸಿಬಿಟ್ಟ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದ. ಅವನೂ ಇಬ್ಬರು ಗೆಳೆಯರೂ ಸೇರಿ ಬ್ಯಾಂಡ್ ಮಾಡಿಕೊಂಡು, ಕಾಲೇಜಿನ ಸಮಾರಂಭಕ್ಕೆಂದು ಒಂದು ಇಂಗ್ಲಿಷ್ ರಾಕ್ ಹಾಡನ್ನು ಆರಿಸಿದ್ದರು. ಆ ಹಾಡಿನ ನಡುವೆ ಗಿಟಾರು, ಡ್ರಮ್ಮು ಎಲ್ಲ ಸುಮ್ಮನಾಗಿ ಒಂದು ಕೊಳಲು ಮಾತ್ರ ಜಗಳಕ್ಕೆ ನಿಂತವರ ಹಾಗೆ ಸಿಡುಕುತ್ತಾ ಬರುತ್ತದೆ. ಅಣ್ಣ ನನ್ನನ್ನು ರೆಕಾರ್ಡ್ ಪ್ಲೇಯರ್ ಮುಂದೆ ಕೂರಿಸಿ, ಅಷ್ಟು ಭಾಗವನ್ನೇ ಮತ್ತೆ ಮತ್ತೆ ಹಾಕಿ ಕೇಳಿಸಿದ.

"ಇದನ್ನ ನುಡಿಸ್ತೀಯಾ?"

ನಾನು ಸ್ವರ ಹಿಡಿದು ನುಡಿಸಿದೆ. ಅವನು ತಲೆಯಾಡಿಸಿ ನಕ್ಕ. "ಸ್ವರ ಎಲ್ಲ ಸರಿ ಇದೆ ಕಣೇ. ಆದ್ರೆ ದೇವರ ಮನೇಲಿ ಕೂತು ನುಡಿಸಿದ ಹಾಗಿದೆ. ಸ್ವರಾನ ಯಾಕೆ ಅಲ್ಲಾಡಿಸ್ತೀಯ? ನೇರ ನಿಲ್ಲಿಸು. ಆಮೇಲೆ ಉಸಿರು ಕೇಳ್ಬೇಕು. ಉಗುಳಿದ ಹಾಗೆ ಊದು."

ಉಗುಳಿದ ಹಾಗೆ ಊದಲು ನನಗೆ ಎರಡು ವಾರ ಬೇಕಾಯಿತು. ಗಮಕವಿಲ್ಲದೆ ಸ್ವರವನ್ನು ಬೋಳಾಗಿ ನಿಲ್ಲಿಸುವುದು, ಊದುತ್ತಲೇ ಗಂಟಲಲ್ಲಿ ಗುನುಗುವುದು, ಮೇಷ್ಟ್ರು ಬೈದು ಬೈದು ಬಿಡಿಸಿದ್ದನ್ನೆಲ್ಲ ಮತ್ತೆ ಕರೆಸಿಕೊಳ್ಳುವುದು. ಬಂದಾಗ ಮಾತ್ರ ಮೈಯೆಲ್ಲ ಜುಮ್ಮೆಂದಿತ್ತು. ಅಣ್ಣ ಗಿಟಾರನ್ನು ಮಂಚದ ಮೇಲೆ ಎಸೆದು, "ಅಮ್ಮಾ, ಇವಳು ಸಖತ್ತಾಗಿ ನುಡಿಸ್ತಾಳೆ ಬಾ ಇಲ್ಲಿ" ಎಂದು ಕೂಗಿದ್ದ.

ಸಮಾರಂಭಕ್ಕೆ ಅವನು ಹೋಗಲಿಲ್ಲ. ಎರಡು ತಿಂಗಳಿಂದ ಬಿಡದ ಕೆಮ್ಮು ಕ್ಷಯ ಎಂದು ಗೊತ್ತಾಯಿತು.

ಅವನನ್ನು ಮುಂದಿನ ಕೋಣೆಗೆ ಹಾಕಿದರು. ಅವನ ತಟ್ಟೆ ಲೋಟ ಬೇರೆಯಾದವು. ದಿನಕ್ಕೊಂದು ಇಂಜೆಕ್ಷನ್; ಅಪ್ಪ ಅವನನ್ನು ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಡಾಕ್ಟರ ಶಾಪಿಗೆ ಕರೆದುಕೊಂಡು ಹೋಗುತ್ತಿದ್ದರು. ಬ್ಯಾಂಡಿನ ಗೆಳೆಯರು ಒಂದು ಸಲ ಬಂದು ಗೇಟಿನ ಹೊರಗೇ ನಿಂತು ಮಾತಾಡಿಸಿ ಹೋದರು. ಆಮೇಲೆ ಬರಲಿಲ್ಲ. ನಾನೂ ಒಳಗೆ ಹೋಗುವಂತಿರಲಿಲ್ಲ. ಸಂಜೆ ಕಿಟಕಿಯ ಹೊರಗೆ, ಕಾಂಪೌಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅವನು ಒಳಗಿನಿಂದ ರೆಕಾರ್ಡ್ ಹಾಕುತ್ತಿದ್ದ. ಹೀಗೆ ಕಂಬಿಗಳ ಆಚೀಚೆ ಕೂತೇ ನಾನು ಅವನ ಬಳಿಯಿದ್ದ ಎಲ್ಲ ರೆಕಾರ್ಡುಗಳ ಊದುವ ಭಾಗಗಳನ್ನು ಕಲಿತೆ. ಒಂದರಲ್ಲಿ ಹಾಡು ಶುರುವಾಗುವ ಮೊದಲು ಮಕ್ಕಳ ಪೀಪಿಯಂಥ ಸಣ್ಣ ದನಿ. ಇನ್ನೊಂದರಲ್ಲಿ ಸ್ಯಾಕ್ಸೊಫೋನು, ಅದನ್ನು ಬಿದಿರಿಗೆ ಇಳಿಸಲು ಹೋಗಿ ನಾನು ಪಟ್ಟ ಪಾಡು ನೋಡಿ ಅವನು ಕೆಮ್ಮು ಬರುವಷ್ಟು ನಗುತ್ತಿದ್ದ. ಎಲ್ಲವನ್ನೂ ಸರಿಗಮದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದಿಟ್ಟುಕೊಂಡಿದ್ದೆ. ಕಾಯಿಲೆಯ ಆ ತಿಂಗಳುಗಳೇ ನಾವಿಬ್ಬರೂ ತುಂಬ ಖುಷಿಯಾಗಿದ್ದ ಕಾಲ ಎಂದು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ತಿಂಗಳಿನಲ್ಲಿ ಅವನು, "ಮುಳ್ಳು ಸವೆದಿದೆ, ಸೌಂಡು ಮಂಕಾಗಿದೆ" ಎಂದ. ಅಪ್ಪ ಪ್ಲೇಯರಿಗೆ ಹೊಸ ಮುಳ್ಳು ತಂದುಕೊಟ್ಟರು. ಅದೂ ಸರಿಯಿಲ್ಲ ಎಂದ. ನನ್ನ ಕಿವಿಗೆ ಮಂಕೇನೂ ಇರಲಿಲ್ಲ. ಆದರೆ ಅವನ ಕಿವಿ ನನ್ನದಕ್ಕಿಂತ ಚುರುಕೆಂದು ನಂಬಿದ್ದೆ.

ಅಷ್ಟರಲ್ಲಿ ಅವನು ಮನೆಯೊಳಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ಅಮ್ಮ ಅವನನ್ನು ಒಲೆಯ ಹತ್ತಿರ ನಿಲ್ಲಿಸಿ ಹಿತ್ತಲಿಗೆ ಹೋಗಿದ್ದಳು. ವಾಪಸ್ಸು ಬಂದು, "ಕುಕ್ಕರ್ ಎಷ್ಟು ಸಲ ಕೂಗ್ತೋ?" ಎಂದು ಕೇಳಿದಳು.

"ಇನ್ನೂ ಕೂಗೇ ಇಲ್ವಲ್ಲ" ಎಂದ ಅಣ್ಣ.

ಅದು ಮೂರು ಸಲ ಕೂಗಿದ್ದನ್ನು ನಾನು ಮುಂಬಾಗಿಲಲ್ಲಿ ಕೂತು ಕೇಳಿದ್ದೆ. ಅವನು ಹೇಳುತ್ತಿರುವಾಗಲೇ ಅದು ನಾಲ್ಕನೇ ಸಲ ಕೂಗಿತು. ಅಮ್ಮ ಅವನ ಮುಖ ನೋಡಿದಳು. ಅವನು ಅಮ್ಮನ ಮುಖ ನೋಡುತ್ತಾ, "ಏನಾಯ್ತು?" ಎಂದ.

ಇಂಜೆಕ್ಷನ್ನಿನಿಂದ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ತಕ್ಷಣ ಅದನ್ನು ನಿಲ್ಲಿಸಿ ಮಾತ್ರೆ ಬದಲಾಯಿಸಿದರು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬಹುದು ಎಂದೂ ಹೇಳಿದರು. ಆದರೆ ಅದೂ ಉಳಿಯುವ ಹಾಗೆ ಕಾಣಲಿಲ್ಲ. ಎದೆ ದಿನದಿಂದ ದಿನಕ್ಕೆ ಸುಧಾರಿಸಿತು, ಕಿವಿ ಇಳಿಯುತ್ತಾ ಹೋಯಿತು.

ನಾನು ಮೇಷ್ಟ್ರ ಮನೆಗೆ ಹೋಗಿ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ, ಇಂಗ್ಲಿಷ್ ಹಾಡುಗಳ ವಿಷಯವನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು:

"ಕೀರಲು ದನಿ ಕೇಳ್ಸಲ್ವಾ ಅವನಿಗೆ?"

"ಇಲ್ಲ ಮೇಷ್ಟ್ರೇ. ನಾನು ಮೇಲಿನ ಸ್ವರಕ್ಕೆ ಹೋದ ತಕ್ಷಣ ನಿಂತುಹೋಯ್ತು ಅಂತಾನೆ."

ಅವರು ಎದ್ದು, ಗೋಡೆಗೆ ತಗುಲಿಹಾಕಿದ್ದ ಬಟ್ಟೆಯ ಚೀಲದಿಂದ ಉದ್ದನೆಯ ದಪ್ಪ ಕೊಳಲೊಂದನ್ನು ತೆಗೆದರು. ಅದು ಅವರ ಗುರುಗಳದು. "ಇದು ತಗ್ಗು ಶ್ರುತೀದು. ನಿನ್ನ ಬೆರಳಿಗೆ ಎಟುಕೋದು ಕಷ್ಟ. ತೊಗೊಂಡ್ಹೋಗು. ಅವನಿಗೆ ಏನು ಬೇಕೋ ಅದನ್ನ ನುಡಿಸಮ್ಮ. ಗಾಳಿ ಕೇಳಿದ್ರೆ ಕೇಳ್ಲಿ ಬಿಡು."

ಆ ಕೊಳಲಿನ ತೂತುಗಳು ಅಷ್ಟು ದೂರ ದೂರ ಇದ್ದವೆಂದರೆ, ಮೊದಲ ವಾರ ನನ್ನ ಕಿರುಬೆರಳು ಊದಿಕೊಂಡು ಬರೆಯುವುದೇ ಕಷ್ಟವಾಗಿತ್ತು. ಆದರೆ ಅಣ್ಣನಿಗೆ ಅದು ಕೇಳಿಸಿತು. ಕಿವಿಯನ್ನು ಕೊಳಲಿಗೆ ತಾಗುವಷ್ಟು ಹತ್ತಿರ ತಂದು, ಕಣ್ಣು ಮುಚ್ಚಿ, "ಹ್ಞಾಂ, ಬಂತು, ಬಂತು" ಎಂದ. ಸುಮಾರು ನಾಲ್ಕು ತಿಂಗಳು ಆ ದಪ್ಪ ಕೊಳಲು ಅವನನ್ನು ತಲುಪಿತು. ಆಮೇಲೆ ಅದೂ ಇಲ್ಲ.

ಕೇಳಿಸದಿದ್ದರೂ ಅವನು ಬಿಡಲಿಲ್ಲ. ಸಂಜೆ ಎದುರು ಕೂತು, "ಶುರು ಮಾಡು" ಎನ್ನುತ್ತಿದ್ದ. ಪ್ರತಿಯೊಂದು ಹಾಡೂ ಅವನ ತಲೆಯಲ್ಲಿತ್ತು. ನನ್ನ ಬೆರಳುಗಳನ್ನು ನೋಡುತ್ತಾ ಒಳಗೊಳಗೇ ಕೇಳಿಕೊಳ್ಳುತ್ತಿದ್ದ. ತಪ್ಪಿದರೆ ಹಿಡಿದೇ ಹಿಡಿಯುತ್ತಿದ್ದ. ಅವನ ಮಾತು ಈಗ ಅಳತೆ ತಪ್ಪಿ ಜೋರಾಗಿತ್ತು. "ಎರಡನೇ ಸಲ ಬೇಗ ಬಂದೆ!" ಎಂದರೆ ಪಕ್ಕದ ಮನೆಯವರಿಗೂ ಕೇಳುತ್ತಿತ್ತು.

ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ.

ನನ್ನ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಕಾಲೇಜಿನಿಂದ ಸುಸ್ತಾಗಿ ಬಂದ ಒಂದು ಸಂಜೆ ಅಣ್ಣ ಎಂದಿನಂತೆ ಎದುರು ಕೂತ. ದೊಡ್ಡ ಕೊಳಲಿಗೆ ಬೇಕಾಗುವಷ್ಟು ಉಸಿರು ನನ್ನಲ್ಲಿರಲಿಲ್ಲ. ಇದ್ದರೂ ಖರ್ಚು ಮಾಡುವ ಮನಸ್ಸಿರಲಿಲ್ಲ. ಹೇಗೂ ಅವನಿಗೆ ಕೇಳಿಸುವುದಿಲ್ಲವಲ್ಲ ಅನ್ನಿಸಿತು. ತುಟಿಗೆ ಕೊಳಲಿಟ್ಟು ಊದದೆ, ಬರೀ ಬೆರಳಾಡಿಸಿದೆ. ಮನೆ ನಿಶ್ಶಬ್ದವಾಗಿತ್ತು. ಅಣ್ಣ ಮೊಣಕಾಲಿನ ಮೇಲೆ ತಾಳ ಹಾಕುತ್ತಾ ಕೊನೆಯವರೆಗೂ ನೋಡಿ, "ಇವತ್ತು ಒಂದೂ ತಪ್ಪಿಲ್ಲ ಕಣೇ!" ಎಂದ.

ಮರುದಿನವೂ ಹಾಗೇ ಮಾಡಿದೆ. ಅದರ ಮರುದಿನವೂ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾಗಿರಲೇಬೇಕು.

ಮೂರು ವಾರ ಕಳೆದ ಮೇಲೆ ಒಂದು ಸಂಜೆ, ನಾನು ನಡುವಿನ ಸಿಡುಕಿನ ಭಾಗಕ್ಕೆ ಬಂದಾಗ, ಅಣ್ಣ ಖುಷಿಯಲ್ಲಿ ಮುಂದೆ ಬಾಗಿ ನನ್ನ ಬಾಯಿಯ ಮುಂದೆ ಅಂಗೈ ಹಿಡಿದ. ಅಲ್ಲಿಂದ ಹೊರಟ ಗಾಳಿ ಕೈಗೆ ಬಡಿಯುವುದು ಅವನಿಗೆ ಬೇಕಿತ್ತು, ಅಷ್ಟೇ. ಪರೀಕ್ಷೆ ಮಾಡಲು ಹಿಡಿದದ್ದಲ್ಲ. ನಾನು ಗಾಬರಿಯಾಗಿ ಊದಲು ಹೋದೆ, ತುಟಿ ಕೂಡಲಿಲ್ಲ. ಅವನ ಕೈ ಅಲ್ಲೇ ಇತ್ತು. ಮುಖದ ನಗು ಹಾಗೇ ಉಳಿದು, ಆಮೇಲೆ ನಿಧಾನವಾಗಿ ಹೋಯಿತು.

"ಎಷ್ಟು ದಿನದಿಂದ?"

ಆವತ್ತು ಅವನು ಮೆಲ್ಲಗೆ ಕೇಳಿದ. ಕಿವಿ ಹೋದ ಮೇಲೆ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲ. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಮೂರು ವಾರ ಎಂದು ಬರೆದು ತೋರಿಸಿದೆ. ಅವನು ಓದಿ, ನನ್ನ ಕೈಯಿಂದ ಕೊಳಲನ್ನು ತೆಗೆದುಕೊಂಡು, ಅಂಗಿಯ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿದ.

"ಅಳಬೇಡ. ನಿಂಗೆ ಎಕ್ಸಾಮ್ ಇದೆ, ಹೋಗಿ ಓದ್ಕೋ."

ಬೈದಿದ್ದರೆ, ಹೊಡೆದಿದ್ದರೆ ಅದನ್ನು ಎಲ್ಲೋ ಒಂದು ಕಡೆ ಇಟ್ಟುಬಿಡಬಹುದಿತ್ತು. ಮರುದಿನ ಸಂಜೆ ನಾನೇ ಅವನೆದುರು ಕೂತು, ಎದೆಯಲ್ಲಿದ್ದ ಉಸಿರನ್ನೆಲ್ಲ ಸುರಿದು ಊದಿದೆ. ಅವನ ಕೈಯನ್ನು ಎಳೆದು ಕೊಳಲಿನ ಮುಂದೆ ಇಟ್ಟುಕೊಂಡೆ. ಅವನು ಒಂದು ಕ್ಷಣ ಇಟ್ಟಿದ್ದು, ನನ್ನ ಸಮಾಧಾನಕ್ಕೆಂದು ತಲೆಯಾಡಿಸಿ, ಕೈ ತೆಗೆದ. ಆಮೇಲೆ ಯಾವತ್ತೂ "ಶುರು ಮಾಡು" ಎನ್ನಲಿಲ್ಲ. ತಿಂಗಳೊಳಗೆ ಬ್ಯಾಂಡಿನ ಹಳೆಯ ಗೆಳೆಯನೊಬ್ಬನಿಗೆ ಕಾಗದ ಬರೆದು ಕರೆಸಿ, ರೆಕಾರ್ಡುಗಳನ್ನೂ ಪ್ಲೇಯರನ್ನೂ ಕೊಟ್ಟುಬಿಟ್ಟ. ಆ ಗೆಳೆಯ ಈ ಸಲ ಒಳಗೆ ಬಂದು ಕೂತು ಕಾಫಿ ಕುಡಿದ.

ಅಣ್ಣ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆದ. ಅವನ ಗೆರೆಗಳು ತುಂಬ ಅಚ್ಚುಕಟ್ಟು ಎಂದು ಅಲ್ಲಿ ಹೆಸರಾಯಿತು. ನಾನು ಮದುವೆಯಾಗಿ ಗಿರಿನಗರಕ್ಕೆ ಬಂದೆ. ಎಂಬತ್ತರ ದಶಕದ ಕೊನೆಗೆ ಅವನು ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ನನ್ನ ಮಗಳ ಜೊತೆ ಚೌಕಾಬಾರ ಆಡುತ್ತಿದ್ದ. ಒಂದು ಭಾನುವಾರ ಮಗಳು ಹೊರಗೆ ಆಡಲು ಹೋದಾಗ ನಾನು ಒಂದು ಚೀಟಿಯಲ್ಲಿ ಬರೆದೆ: "ಆವತ್ತು ನಾನು ಹಾಗೆ ಮಾಡಬಾರದಿತ್ತು. ಕ್ಷಮಿಸು ಅಣ್ಣ." ಹತ್ತು ವರ್ಷದಿಂದ ಬರೆಯಬೇಕೆಂದಿದ್ದ ಎರಡು ಸಾಲು.

ಅವನು ಕನ್ನಡಕ ಹಾಕಿಕೊಂಡು ಓದಿದ. ಮಡಿಸಿದ. ಮತ್ತೆ ಬಿಡಿಸಿ ಓದಿದ. ಆಮೇಲೆ ಮನೆಯವರಿಗೆಲ್ಲ ಕೇಳುವಂಥ ಆ ದೊಡ್ಡ ದನಿಯಲ್ಲಿ, "ಯಾವತ್ತು?" ಎಂದ.

ನಿಜವಾಗಿಯೂ ಮರೆತಿದ್ದನೋ, ಮರೆತವನಂತೆ ಇದ್ದನೋ ನನಗೆ ತಿಳಿಯಲಿಲ್ಲ. ಮತ್ತೆ ಬರೆದು ಕೇಳುವ ಧೈರ್ಯ ಬರಲಿಲ್ಲ. ಅವನು ಚೀಟಿಯನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಬಿಸಿನೀರು ಕೊಡು ಎಂದ. ನಾನು ಅಡುಗೆಮನೆಗೆ ಹೋಗಿ, ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ನಲ್ಲಿ ಬಿಟ್ಟುಕೊಂಡು ಅತ್ತೆ.