ಮೊಣಕಾಲಿನ ಬಿಳಿ ಬಟ್ಟೆ

ನಮ್ಮ ದೊಡ್ಡಮ್ಮ ಕೊಟ್ಟಿಗೆಗೆ ಹೋಗುವ ಮೊದಲು ಬಲ ಮೊಣಕಾಲಿಗೊಂದು ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಗೊತ್ತಿಲ್ಲದವರು ಕಾಲುನೋವು ಅಂದುಕೊಂಡು ಯಾವುದೋ ಎಣ್ಣೆಯ ಹೆಸರು ಹೇಳಿ ಹೋಗುತ್ತಾರೆ. ಕಾಲಿಗೇನೂ ಆಗಿಲ್ಲ. ಹಾಲು ನಿಲ್ಲಿಸಿದ ಗಬ್ಬದ ಹಸು ಮಲಗುವ ಹುಲ್ಲುಹಾಸಿನ ಮೇಲೆ ಆ ಮೊಣಕಾಲೂರಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಕೂರುತ್ತಾಳೆ. ಎದ್ದಾಗ ಬಟ್ಟೆ ಒಣಗಿದ್ದರೆ ಸರಿ. ಒಂಚೂರು ತೇವ ಕಂಡರೂ ಅಷ್ಟೂ ಹುಲ್ಲು ಹೊರಗೆ, ಹೊಸದು ಒಳಗೆ. ಹೊರುವವಳು ನಾನು. ತಂಗಿಯ ಮಗಳಾಗಿ ಹುಟ್ಟಿದ ಒಂದೇ ತಪ್ಪಿಗೆ ಈ ಕೆಲಸ ನನ್ನ ತಲೆಗೆ ಕಟ್ಟಿದ್ದಾಳೆ.

"ನಿನ್ನೆ ತಾನೇ ಹಾಕಿದ್ದಲ್ವಾ ದೊಡ್ಡಮ್ಮಾ" ಎಂದರೆ, "ನಿನ್ನ ಹಾಸಿಗೆ ಒದ್ದೆಯಾದ್ರೆ ನಿನ್ನೆ ತಾನೇ ಒಗೆದಿದ್ದು ಅಂತ ಅದರಲ್ಲೇ ಮಲಗ್ತೀಯಾ?" ಎನ್ನುತ್ತಾಳೆ. ಇವಳ ಬಾಯಿಗೆ ಯಾರು ಬೀಳುತ್ತಾರೆ. ಸುಮ್ಮನೆ ಹೊರುತ್ತೇನೆ.

ಹಾಲು ಕೊಡುವ ಹಸುವನ್ನು ಎಲ್ಲರೂ ಮುದ್ದು ಮಾಡುತ್ತಾರೆ. ಹಾಲು ನಿಲ್ಲಿಸಿ, ಕರು ಹಾಕುವ ತನಕ ಬಿಡುವು ಕೊಟ್ಟ ಹಸುವಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೆಚ್ಚಲುಬಾವಿನ ರೋಗ ಕಾದು ಕೂರುವುದು ಆವಾಗಲೇ, ಎನ್ನುವುದು ದೊಡ್ಡಮ್ಮನ ಮಾತು. ಹಾಲು ನಿಂತ ಮೇಲೆ ತೊಟ್ಟಿನ ತುದಿಗೆ ಹಸುವಿನ ಮೈಯೇ ಒಂದು ಬಿರಡೆ ಹಾಕಿಕೊಳ್ಳುತ್ತದಂತೆ. ಅದು ಗಟ್ಟಿಯಾಗಿ ಕೂರುವವರೆಗೆ ಕೊಳೆ ತಾಗಬಾರದು, ಯಾರ ಕೈಯೂ ತಾಗಬಾರದು.

ಹಿಂದಿನ ಸಲ ಯಾರದೋ ಕೈ ತಾಗಿತ್ತು. ನಮ್ಮ ಹಸು ಕಪ್ಪುಕಿವಿಯ ಒಂದು ತೊಟ್ಟು ಊದಿ, ಕಲ್ಲಾಗಿ, ಒಡೆದ ಹಾಲು ಸುರಿಸಿ, ಕೊನೆಗೆ ಸತ್ತೇಹೋಯಿತು. ಯಾರು ಮುಟ್ಟಿದ್ದು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ದೊಡ್ಡಪ್ಪ ಮಾತ್ರ ಬಹಳ ದಿನ ಹಾಲು ಹಾಕದ ಚಹಾ ಕುಡಿದರು.

ಈ ಸಲ ದೊಡ್ಡಮ್ಮ ಮೊದಲೇ ಹೇಳಿಬಿಟ್ಟಿದ್ದಳು: "ಇನ್ನೊಂದು ತೊಟ್ಟು ಹೋದ್ರೆ ಇವಳನ್ನ ಇಟ್ಕೊಳ್ಳೋಕಾಗಲ್ಲ. ಅರ್ಧ ಕೆಚ್ಚಲಿನ ಹಸುನ ಕಟುಕ ಬಿಟ್ರೆ ಇನ್ಯಾರೂ ಕೇಳಲ್ಲ. ನಾನೇ ಹಗ್ಗ ಹಿಡ್ಕೊಂಡು ಹೋಗಿ ಕೊಟ್ಟು ಬರ್ಬೇಕು." ಕಪ್ಪುಕಿವಿ ಅವಳ ಸೆರಗು ಅಗಿಯುತ್ತ ನಿಂತಿತ್ತು.

ಹಾಲು ನಿಲ್ಲಿಸಲು ದನದ ಡಾಕ್ಟರಮ್ಮ ಬಂದ ದಿನ ದೊಡ್ಡಮ್ಮ ಕೊನೆಯ ಹನಿಯವರೆಗೂ ಹಾಲು ಕರೆದಳು. ಡಾಕ್ಟರಮ್ಮ ಒಂದೊಂದು ತೊಟ್ಟಿಗೂ ಬೇರೆ ಬೇರೆ ಹತ್ತಿಯಲ್ಲಿ ಸ್ಪಿರಿಟ್ ಒರೆಸಿ, ಒಳಗೆ ಔಷಧ ಬಿಟ್ಟರು. "ಇನ್ನು ಕೆಚ್ಚಲು ಬಿಗಿಯುತ್ತೆ, ಅದಕ್ಕೆ ಹೆದರಬೇಡಿ. ಬಿಸಿಯಾದ್ರೆ, ಕೆಂಪಾದ್ರೆ ನನಗೆ ಹೇಳಿಕಳಿಸಿ" ಎಂದು ಹೋದರು. ಹಾಲು ಬತ್ತಲೆಂದು ಬೂಸಾ ನಿಂತಿತು. ಬರೀ ಒಣಹುಲ್ಲು.

ಆಮೇಲಿನ ಮಧ್ಯಾಹ್ನಗಳನ್ನು ಈಗ ನೆನೆದರೂ ಮಂಪರು ಕವಿಯುತ್ತದೆ. ತಗಡಿನ ತೂತುಗಳಿಂದ ಬಿಸಿಲಿನ ಸಣ್ಣ ಸಣ್ಣ ನಾಣ್ಯಗಳು ಹುಲ್ಲಿನ ಮೇಲೆ ಬಿದ್ದು ನಿಧಾನ ಜರುಗುತ್ತಿದ್ದವು. ಧೂಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿತ್ತು. ದೊಡ್ಡಮ್ಮ ಗೋಡೆಗೊರಗಿ ತೂಕಡಿಸುವಳು, ನಾನು ಹುಲ್ಲಿನ ಕಂತೆಯ ಮೇಲೆ ಬಿದ್ದುಕೊಳ್ಳುವೆ. ಕೇಳುವ ಉಸಿರು ಅವಳದೋ ನನ್ನದೋ ಹಸುವಿನದೋ ತಿಳಿಯುತ್ತಿರಲಿಲ್ಲ. ಹೊಟ್ಟೆಯೊಳಗಿನ ಕರುವೂ ನಮ್ಮ ಜೊತೆಗೇ ನಿದ್ದೆ ಮಾಡುತ್ತಿದೆ ಅನ್ನಿಸುತ್ತಿತ್ತು.

ಆದರೆ ಕೆಚ್ಚಲು ಬಿಗಿಯಿತು. ಕಪ್ಪುಕಿವಿ ಕಾಲು ಬದಲಿಸುತ್ತ ಸಣ್ಣಗೆ ನರಳತೊಡಗಿತು. ದೊಡ್ಡಪ್ಪನಿಗೆ ಊಟ ಸೇರಲಿಲ್ಲ. ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ ಅವರು.

ಅಂಥದೇ ಒಂದು ಮಧ್ಯಾಹ್ನ ಅವರು ಬರಿಗಾಲಲ್ಲಿ ಒಳಗೆ ಬಂದರು. ಹೆಗಲ ಟವೆಲ್ಲಿನ ಕೆಳಗೆ ಚೊಂಬು. ಕನಸಿರಬೇಕು ಅಂದುಕೊಂಡು ನಾನು ಅಲ್ಲಾಡಲಿಲ್ಲ. ಅವರು ಹಸುವಿನ ಪಕ್ಕ ಮೊಣಕಾಲೂರಿ ಕೈ ಚಾಚಿದರು.

"ಮೊಣಕಾಲು ಒದ್ದೆಯಾಯ್ತಾ?" ಎಂದಳು ದೊಡ್ಡಮ್ಮ. ಕಣ್ಣು ಮುಚ್ಚಿಯೇ ಇತ್ತು.

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. "ಇಲ್ಲ... ಒಣಗಿದೆ. ಹಸುಗೆ ನೋವಾಗ್ತಿದೆ ಕಣೇ. ಒಂಚೂರು ಇಳಿಸಿದ್ರೆ..."

"ಹೋದ್ಸಲಾನೂ ಒಂಚೂರೇ ಇಳಿಸಿದ್ರಿ."

ಇಷ್ಟು ದಿನ ಗೊತ್ತಿದ್ದೂ ಇವಳು ತುಟಿ ಬಿಚ್ಚಿರಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿದರು. ದೊಡ್ಡಮ್ಮ ಕಣ್ಣು ತೆರೆದು, ಅವರನ್ನು ನೋಡದೆ, ಹಸುವನ್ನೇ ನೋಡುತ್ತ ಹೇಳಿದಳು:

"ನಮ್ಮ ಮಗು ಹೋದಾಗ ನನ್ನೆದೆನೂ ಹೀಗೇ ಬಿಗಿದಿತ್ತು. ಪಾಪ ಅಂತ ನಿಮ್ಮಮ್ಮ ದಿನಾ ಹಾಲು ಹಿಂಡಿ ತೆಗೆದ್ರು. ತೆಗೆದಷ್ಟೂ ಬಂತು. ಮಗು ಇಲ್ಲ ಅಂತ ಎದೆಗೆ ಗೊತ್ತಾಗ್ಲೇ ಇಲ್ಲ. ಆಮೇಲೆ ಬಾವು, ಜ್ವರ, ಎಲ್ಲಾ ನೀವೇ ನೋಡಿದೀರಲ್ಲ. ನೋವಾಗುತ್ತೆ ರೀ. ಆಮೇಲೆ ನಿಲ್ಲುತ್ತೆ. ನಿಲ್ಲೋಕೆ ಬಿಡಿ."

ಅವರಿಗೊಂದು ಮಗುವಿತ್ತೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಎದ್ದು ಹೋಗೋಣವೆಂದರೆ ಹುಲ್ಲು ಸದ್ದು ಮಾಡುತ್ತದೆ. ನಿದ್ದೆ ಬಂದವಳಂತೆ ಬಿದ್ದುಕೊಂಡೆ.

ದೊಡ್ಡಪ್ಪ ಚೊಂಬನ್ನು ಬಾಗಿಲಾಚೆ ಇಟ್ಟು ಬಂದು ಕಪ್ಪುಕಿವಿಯ ಕುತ್ತಿಗೆ ತುರಿಸುತ್ತ ಕೂತರು. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ, ಬರಿಗೈಯಲ್ಲಿ. ಹಸು ನರಳಿದಾಗೆಲ್ಲ "ಆಯ್ತು ತಾಯಿ, ಆಯ್ತು" ಎನ್ನುವರು. ಯಾರಿಗೆ ಹೇಳುತ್ತಿದ್ದಾರೆ ಎಂದು ನಾನು ತಲೆಯೆತ್ತಿ ನೋಡಲಿಲ್ಲ. ನೋಡನೋಡುತ್ತ ಕೆಚ್ಚಲು ಇಳಿದು, ಸಡಿಲವಾಗಿ, ಖಾಲಿ ಚೀಲದ ಹಾಗೆ ಸುಕ್ಕುಗಟ್ಟಿತು. ಹಸು ಕಾಲು ಮಡಚಿ ಮಲಗಿ ಮೆಲುಕು ಹಾಕಿತು. ನನಗೆ ಮಾತ್ರ ಹುಲ್ಲು ಹೊರುವುದು ತಪ್ಪಲಿಲ್ಲ.

ಕಪ್ಪುಕಿವಿ ಕರು ಹಾಕಿದ ಬೆಳಿಗ್ಗೆ ದೊಡ್ಡಮ್ಮ ತೊಟ್ಟುಗಳನ್ನು ತೊಳೆದು ಒರೆಸಿ, ಒಂದೊಂದರಿಂದಲೂ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಬಿಟ್ಟಳು. ತಟ್ಟೆಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದಳು. ಮೂರು ತೊಟ್ಟಿನದೂ ದಪ್ಪ ಹಳದಿ ಗಿಣ್ಣುಹಾಲು. ಒಂದು ಗಂಟಿಲ್ಲ, ಒಂದು ಎಳೆ ರಕ್ತವಿಲ್ಲ.

ಅವಳು ಹೊರಗೆ ಹೋಗಿ ಅದೇ ಚೊಂಬನ್ನು ತೊಳೆದು ತಂದು ದೊಡ್ಡಪ್ಪನ ಮುಂದೆ ಹಿಡಿದಳು.

"ಈಗ ಹಾಲು ಕರೀರಿ. ಕೈ ತೊಳ್ಕೊಂಡು."

ದೊಡ್ಡಪ್ಪ ಕೂತರು. ಚೊಂಬಿನಲ್ಲಿ ಸೊರ್ ಸೊರ್ ಎಂದು ಸದ್ದು ಎದ್ದದ್ದೇ ಅವರ ಕಣ್ಣಲ್ಲಿ ನೀರು ಇಳಿಯತೊಡಗಿತು. ದೊಡ್ಡಮ್ಮ ಮೊಣಕಾಲಿನ ಬಿಳಿ ಬಟ್ಟೆ ಬಿಚ್ಚಿ ಅವರ ಹೆಗಲ ಮೇಲೆ ಎಸೆದಳು.

"ಹಾಲಿಗೆ ಬೀಳುತ್ತೆ, ಒರೆಸ್ಕೊಳ್ಳಿ."

ಆ ಬಟ್ಟೆ ಒದ್ದೆಯಾದದ್ದನ್ನು ಕಂಡೂ ಅವಳು ನನ್ನನ್ನು ಹುಲ್ಲಿಗೆ ಓಡಿಸದಿದ್ದದ್ದು ಅದೊಂದೇ ಸಲ.