ಕಡಲು ತಂದವನಿಗೊಂದು ಎಲೆ

ಆಸ್ಟ್ರೇಲಿಯಾದ ಗೆಳತಿ ನೋರಾಳೊಂದಿಗೆ ಉಪ್ಪಳದ ಕಡಲ ಬದಿಯ ಮನೆಯೊಂದರಲ್ಲಿದ್ದೇನೆ. ಅವಳ ಹಿರಿಯಜ್ಜ ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಗಡೀಪಾರಾದ ಕೈದಿ. ಶಿಕ್ಷೆ ಮುಗಿಸಿ, ಅಲ್ಲಿಂದ ಭಾರತಕ್ಕೆ ಕುದುರೆ ಸಾಗಿಸುವ ಹಡಗು ಹತ್ತಿದವನು ಈ ಕರಾವಳಿಯಲ್ಲೆಲ್ಲೋ ಮುಳುಗಿದನಂತೆ.

ಇಂದು ಇಲ್ಲಿ ಸತ್ತವರಿಗೆ ಬಡಿಸುವ ದಿನ. ಮನೆಯೊಡತಿ ಕಮಲಕ್ಕ ತಮ್ಮ ಹಿರಿಯರಿಗೆಲ್ಲ ಬಡಿಸಿ, ಬಾಗಿಲ ಹತ್ತಿರ ಇನ್ನೊಂದು ಎಲೆ ಹಾಕಿದರು.

“ಇದು ಯಾರಿಗೆ?” ಎಂದೆ.

“ಹಿಂದೆ ಕಡಲಲ್ಲಿ ಬಂದು ಬಿದ್ದ ಒಬ್ಬ ಬಿಳಿಯನಿಗೆ. ನಮ್ಮವರೇ ಮಣ್ಣು ಮಾಡಿದ್ದು. ಹೆಸರು ಗೊತ್ತಿಲ್ಲ ಅಂತ ಉಪವಾಸ ಹಾಕ್ಲಿಕ್ಕೆ ಉಂಟಾ?”

ಅದನ್ನು ನೋರಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ; ಅವಳ ಹಿರಿಯಜ್ಜನ ಕತೆಯನ್ನು ಕಮಲಕ್ಕನಿಗೂ ಹೇಳಿದೆ. ಅವನೇ ಇವನೆಂಬುದಕ್ಕೆ ಪುರಾವೆಯೆಲ್ಲಿ ಎಂದು ನನ್ನೊಳಗಿನ ಮೇಷ್ಟ್ರು ಗೊಣಗಿದರು.

ಕಮಲಕ್ಕನಿಗೆ ಪುರಾವೆ ಬೇಕಿರಲಿಲ್ಲ. “ಅವಳ ಅಜ್ಜನ ಹೆಸರೆಂತ?”

“ಡೇನಿಯಲ್.”

ಅವರು ಸೆರಗು ಹೊದ್ದು, ಕಡಲಿನತ್ತ ತಿರುಗಿ ಕರೆದರು: “ಡೇನಿಯಲಜ್ಜಾ, ನಿಮ್ಮ ಪುಳ್ಳಿ ಬಂದಿದ್ದಾಳೆ. ಬನ್ನಿ, ಊಟ ಮಾಡಿ.”